ಕೀ ಕೊಟ್ಟ ಮಾತ್ರಕ್ಕೆ ಓಡಿಸಬಹುದು ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪ್ರವಾಸ ಪುರವಣಿ ಓದಿದೆ. ವಿದೇಶದ ಕಡಲತೀರದ ಊರುಗಳ ಬಗ್ಗೆ ಬರೆದಿದ್ದ ಲೇಖನ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ, ಓದುತ್ತಾ ಓದುತ್ತಾ ನನಗೂ ಬ್ಯಾಗ್ ಕಟ್ಟಿಕೊಂಡು ಹೊರಡೋಣ ಅನ್ನಿಸಿತು. ಆದರೆ ನಡುವೆ ಒಂದು ಸಾಲು ಇತ್ತು. ಸ್ಕೂಟರ್ ಬಾಡಿಗೆಗೆ ತಗೊಳ್ಳಿ, ಪಾಸ್‌ಪೋರ್ಟ್ ಕೊಟ್ಟರೆ ಸಾಕು, ಲೈಸೆನ್ಸ್ ಗೀಸೆನ್ಸ್ ಯಾರೂ ಕೇಳುವುದಿಲ್ಲ ಅಂತ. ಪಕ್ಕದಲ್ಲೇ ಒಂದು ಫೋಟೊ. ಒಬ್ಬ ಹುಡುಗ, ಹಿಂದೆ ಒಬ್ಬಳು ಹುಡುಗಿ, ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ.

ಆ ಫೋಟೊದಲ್ಲಿರುವ ಹುಡುಗನ ಜಾಗದಲ್ಲಿ ನಾಲ್ಕು ವರ್ಷದ ಹಿಂದೆ ನಾನಿದ್ದೆ. ಹುಡುಗ ಅಲ್ಲ, ನಲವತ್ತು ದಾಟಿದ ಗಂಡಸು. ಹಿಂದೆ ಕೂತವಳು ನನ್ನ ಹೆಂಡತಿ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಜಾಗ ಇಲ್ಲದಿದ್ದರೆ ಕತ್ತರಿಸಿಕೊಳ್ಳಿ.

ನನ್ನ ಹತ್ತಿರ ಲೈಸೆನ್ಸ್ ಇತ್ತು. ಕಾರಿನದು. ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಒಂದು ದಿನ ಯಾರಿಗೂ ತಾಗಿಸಿಲ್ಲ. ಹಾಗಾಗಿ ಸ್ಕೂಟರ್ ತಾನೇ, ಗೇರ್ ಕೂಡ ಇಲ್ಲ, ಸೈಕಲ್ ತುಳಿದವನಿಗೆ ಇದೇನು ಕಷ್ಟ ಅಂದುಕೊಂಡೆ. ಅಂಗಡಿಯವನೂ ಹಾಗೇ ಅಂದುಕೊಂಡಿರಬೇಕು. ಅವನು ಕೇಳಿದ್ದು ಎರಡೇ. ಎಷ್ಟು ದಿನಕ್ಕೆ, ಮತ್ತೆ ಪಾಸ್‌ಪೋರ್ಟ್ ಎಲ್ಲಿ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಅದು ನನಗೆ ಬಾರದ ಭಾಷೆಯಲ್ಲಿತ್ತು. ಸಹಿ ಹಾಕಿದೆ. ಬ್ಯಾಂಕಿನಲ್ಲಿ ಕನ್ನಡದ ಫಾರಂ ಕೊಟ್ಟರೂ ಮೂರು ಸಲ ಓದುವ ಮನುಷ್ಯ ನಾನು, ರಜೆಯಲ್ಲಿ ಮಾತ್ರ ಬುದ್ಧಿ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಮೊದಲ ಎರಡು ದಿನ ಸ್ವರ್ಗ. ಇದನ್ನು ಮುಚ್ಚಿಡುವುದಿಲ್ಲ. ಬಸ್ಸಿಗೆ ಕಾಯಬೇಕಿಲ್ಲ, ಟ್ಯಾಕ್ಸಿಯವನ ಜೊತೆ ಚೌಕಾಸಿ ಬೇಡ, ಕಂಡ ಕಡೆ ನಿಲ್ಲಿಸಬಹುದು, ಗಾಳಿ ಮುಖಕ್ಕೆ ಹೊಡೆಯುತ್ತದೆ. ಸ್ಕೂಟರ್ ಬಾಡಿಗೆಗೆ ತಗೊಳ್ಳುವವರನ್ನೆಲ್ಲ ಪೆದ್ದರು ಅಂತ ಬೈಯುವವರು ಒಮ್ಮೆ ಆ ಸುಖ ಅನುಭವಿಸಿ ನೋಡಬೇಕು. ಆಸೆ ಯಾಕೆ ಹುಟ್ಟುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಮೂರನೇ ದಿನ ಬೆಳಿಗ್ಗೆ, ಗುಡ್ಡ ಇಳಿಯುವಾಗ ಒಂದು ಎಡ ತಿರುವು. ವೇಗ ಜಾಸ್ತಿ ಏನಿರಲಿಲ್ಲ, ಗಂಟೆಗೆ 40 ಕಿಲೋಮೀಟರ್ ಇರಬಹುದು. ತಿರುವಿನ ಮಧ್ಯದಲ್ಲಿ ಪುಡಿ ಜಲ್ಲಿ ಚೆಲ್ಲಿತ್ತು. ಕಾರಿನಲ್ಲಿ ಹೋಗುವವನಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ನಾನು ಹೆದರಿ ಬಲಗೈ ಬ್ರೇಕನ್ನು ಗಟ್ಟಿಯಾಗಿ ಹಿಡಿದೆ. ಅದು ಮುಂದಿನ ಚಕ್ರದ ಬ್ರೇಕ್ ಅಂತಲೂ, ಹ್ಯಾಂಡಲ್ ತಿರುಗಿರುವಾಗ ಜಲ್ಲಿಯ ಮೇಲೆ ಅದನ್ನು ಹಾಗೆ ಹಿಡಿಯಬಾರದು ಅಂತಲೂ ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದ ಜಾಗಕ್ಕೆ ನಾನು ಹೋಗಿರಲೇ ಇಲ್ಲವಲ್ಲ. ನೇರ ರಸ್ತೆಯಲ್ಲಿ, ಒಣ ಟಾರಿನ ಮೇಲೆ, ಗಾಡಿಯನ್ನು ಚೆನ್ನಾಗಿ ನಿಲ್ಲಿಸುವುದು ಆ ಮುಂದಿನ ಬ್ರೇಕೇ, ಯಾಕೆಂದರೆ ಬ್ರೇಕ್ ಹಿಡಿದಾಗ ಹೆಚ್ಚಿನ ಭಾರ ಮುಂದಿನ ಚಕ್ರಕ್ಕೆ ಬರುತ್ತದೆ. ಅದೇ ಬ್ರೇಕ್ ತಿರುವಿನ ಜಲ್ಲಿಯ ಮೇಲೆ ಚಕ್ರವನ್ನು ಕಟ್ಟಿ ಹಾಕಿ ಜಾರಿಸಿಬಿಡುತ್ತದೆ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಆಕ್ಸಿಲರೇಟರ್ ಇರುವುದೂ ಅದೇ ಬಲಗೈಯಲ್ಲಿ. ಗಾಬರಿಯಾದಾಗ ಮೈ ಹಿಂದಕ್ಕೆ ವಾಲುತ್ತದೆ, ಹಿಡಿ ಬಿಗಿಯಾಗುತ್ತದೆ, ಮಣಿಕಟ್ಟು ತಿರುಚುತ್ತದೆ, ಗಾಡಿ ನಿಲ್ಲುವ ಬದಲು ಮುಂದಕ್ಕೆ ನುಗ್ಗುತ್ತದೆ. ಹೊಸಬರು ಬೀಳುವುದು ಹೀಗೇ ಅಂತೆ.

ಬಿದ್ದೆವು. ಜಾರುತ್ತಾ ಹೋದೆವು. ಆಗ ನಾನು ನೋಡಿದ್ದು ಒಂದೇ. ರಸ್ತೆ ಬದಿಯಲ್ಲಿ ನಿಂತಿದ್ದ ಒಬ್ಬ ಮನುಷ್ಯ ಬಗ್ಗಿ ತನ್ನ ಮಗುವಿನ ತೋಳು ಹಿಡಿದು ಎಳೆದುಕೊಂಡ. ಸ್ಕೂಟರ್ ಹೋಗಿ ನಿಂತದ್ದು ಆ ಮಗು ನಿಂತಿದ್ದ ಜಾಗದಲ್ಲಿ. ಮಗುವಿನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೆಂಡು ಗಾಡಿಯ ಕೆಳಗೆ ಸಿಕ್ಕಿಕೊಂಡಿತ್ತು. ಆ ಮನುಷ್ಯ ನನಗೆ ಬೈಯಲಿಲ್ಲ. ಬಂದು ಗಾಡಿ ಎತ್ತಿದ, ನನ್ನ ಹೆಂಡತಿಯನ್ನು ನೆರಳಿಗೆ ಕೂರಿಸಿದ, ನೀರು ಕೊಟ್ಟ. ಬೈದಿದ್ದರೆ ಒಳ್ಳೆಯದಿತ್ತು.

ನನಗೆ ಮೊಣಕಾಲು, ಅಂಗೈ ತರಚಿತ್ತು, ಸೈಲೆನ್ಸರ್ ತಾಗಿ ಕಣಕಾಲು ಸುಟ್ಟಿತ್ತು. ಅಷ್ಟೇ. ಅವಳಿಗೆ ಕಾಲರ್ ಬೋನ್ ಮುರಿದಿತ್ತು, ಮಣಿಕಟ್ಟು ಎರಡು ಕಡೆ ಬಿರುಕು. ಆಪರೇಷನ್ ಬೇಕು ಅಂದರು. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲ ಪ್ರಶ್ನೆ ಇನ್ಶೂರೆನ್ಸ್ ಇದೆಯಾ ಅಂತ. ಇದೆ ಅಂದೆ, ಹೆಮ್ಮೆಯಿಂದಲೇ ಅಂದೆ, ಹೊರಡುವ ಮುಂಚೆ ಪ್ರವಾಸದ ಪಾಲಿಸಿ ಮಾಡಿಸಿದ್ದೆನಲ್ಲ. ಎರಡನೇ ಪ್ರಶ್ನೆ ಪಾಸ್‌ಪೋರ್ಟ್ ಕೊಡಿ ಅಂತ. ಅದು ಸ್ಕೂಟರ್ ಅಂಗಡಿಯವನ ಡ್ರಾಯರಿನಲ್ಲಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಯಾವ ಕಾರಣಕ್ಕೂ ಪಾಸ್‌ಪೋರ್ಟನ್ನು ಅಡವಿಟ್ಟು ಗಾಡಿ ತರಬೇಡಿ. ಥಾಯ್ಲೆಂಡಿಗೆ ಹೋಗುವ ತನ್ನ ಪ್ರಜೆಗಳಿಗೆ ಬ್ರಿಟನ್ ಸರ್ಕಾರ ಕೊಡುವ ಪ್ರವಾಸ ಸಲಹೆಯಲ್ಲೂ ಈ ಮಾತಿದೆ. ಅಂಗಡಿಯವನು ಹಳೆಯ ಗೀರನ್ನೂ ನಿಮ್ಮ ಲೆಕ್ಕಕ್ಕೆ ಬರೆದು, ಹಣ ಕೊಟ್ಟರೆ ಮಾತ್ರ ಪಾಸ್‌ಪೋರ್ಟ್ ಅಂದರೆ ಏನು ಮಾಡುತ್ತೀರಿ? ಪೊಲೀಸರ ಹತ್ತಿರ ಹೋಗುತ್ತೀರಾ, ಲೈಸೆನ್ಸ್ ಇಲ್ಲದೆ ಓಡಿಸಿದೆ ಅಂತ ಹೇಳಿಕೊಂಡು? ಅವನಿಗೆ ಅದು ಗೊತ್ತಿರುತ್ತದೆ. ನನ್ನ ಕಥೆಯಲ್ಲಿ ನಡೆದದ್ದೂ ಬಹುಪಾಲು ಹಾಗೇ, ಅದನ್ನು ಬೆಳೆಸುವುದಿಲ್ಲ. ಪೂರ್ತಿ ಮುಂದಿನ ಭಾಗ ಹೊಸದು ಹಾಕಿಸಿಕೊಟ್ಟು ಪಾಸ್‌ಪೋರ್ಟ್ ಬಿಡಿಸಿಕೊಂಡು ಬಂದೆ.

ಇನ್ಶೂರೆನ್ಸ್ ವಿಷಯಕ್ಕೆ ಬರುತ್ತೇನೆ, ನಾನು ಬರೆಯಲು ಕೂತದ್ದೇ ಇದಕ್ಕೆ.

ಪಾಲಿಸಿಯವರಿಂದ ಎರಡು ದಿನದಲ್ಲಿ ಇಮೇಲ್ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದರು, ಬೇಗ ಗುಣವಾಗಲಿ ಅಂತಲೂ ಇತ್ತು. ಕೊನೆಯಲ್ಲಿ ಒಂದು ಸಾಲು. ಅಪಘಾತ ನಡೆದ ದೇಶದಲ್ಲಿ, ಆ ವರ್ಗದ ವಾಹನ ಓಡಿಸಲು ಮಾನ್ಯವಾದ ಲೈಸೆನ್ಸಿನ ಪ್ರತಿ ಕಳಿಸಿ. ಈ ಸಾಲಿನಲ್ಲಿ ಎರಡು ಗಂಟುಗಳಿವೆ ನೋಡಿ. 'ಆ ದೇಶದಲ್ಲಿ', ಮತ್ತು 'ಆ ವರ್ಗದ'. ನಾನು ಎರಡರಲ್ಲೂ ಫೇಲು. ಪರಿಚಯದವರೊಬ್ಬರು ಫೋನಿನಲ್ಲಿ, ಮೆಟ್ಟಿಲಿಂದ ಬಿದ್ದೆವು ಅಂತ ಬರೆದುಬಿಡಿ ಅಂದರು. ನಿಜ ಹೇಳಬೇಕೆಂದರೆ ಒಂದು ರಾತ್ರಿ ಪೂರ್ತಿ ಅದನ್ನೇ ಯೋಚನೆ ಮಾಡಿದೆ. ಬೆಳಿಗ್ಗೆ ಎದ್ದು ಆಸ್ಪತ್ರೆಯ ಕಾಗದ ತೆಗೆದು ನೋಡಿದರೆ ಮೊದಲ ಸಾಲಿನಲ್ಲೇ ಡಾಕ್ಟರು ಮೋಟರ್ ಸೈಕಲ್ ಅಪಘಾತ ಅಂತ ಬರೆದಿದ್ದರು. ಹಾಗಾಗಿ ನನ್ನ ಪ್ರಾಮಾಣಿಕತೆಗೆ ಯಾರೂ ಹಾರ ಹಾಕಬೇಕಿಲ್ಲ.

ಕ್ಲೇಮ್ ತಿರಸ್ಕಾರವಾಯಿತು. ನನ್ನದು ಮಾತ್ರ ಅಲ್ಲ, ಅವಳದೂ. ಅವಳು ಗಾಡಿ ಓಡಿಸಿಯೇ ಇರಲಿಲ್ಲ, ಹಿಂದೆ ಕೂತಿದ್ದಳು ಅಷ್ಟೇ. ಆದರೆ ನಮ್ಮ ಪಾಲಿಸಿಯಲ್ಲಿ ಓಡಿಸುವವನಿಗೆ ಸರಿಯಾದ ಲೈಸೆನ್ಸ್ ಇದ್ದರೆ ಮಾತ್ರ ಹಿಂದೆ ಕೂತವರಿಗೂ ರಕ್ಷಣೆ ಅಂತ ಇತ್ತು. ಹನ್ನೊಂದನೇ ಪುಟದಲ್ಲಿ. ಹೆಲ್ಮೆಟ್ ಹಾಕಿರಬೇಕು, ಕುಡಿದಿರಬಾರದು, ಇವೂ ಅಲ್ಲೇ ಇದ್ದವು. ಬೇರೆ ಕೆಲವು ಪಾಲಿಸಿಗಳಲ್ಲಿ ಎಂಜಿನ್ 125 ಸಿಸಿ ದಾಟಬಾರದು ಅಂತಲೂ ಇರುತ್ತದೆ. ಇನ್ನು ಕೆಲವು ದ್ವಿಚಕ್ರ ವಾಹನವನ್ನೇ ಹೊರಗಿಡುತ್ತವೆ. ಮತ್ತೆ ಬಹಳ ಜನಕ್ಕೆ ಗೊತ್ತಿಲ್ಲದ್ದು ಇದು: ಪ್ರವಾಸದ ಪಾಲಿಸಿ ಕೊಡುವುದು ಸಾಮಾನ್ಯವಾಗಿ ನಿಮ್ಮ ಸ್ವಂತ ಚಿಕಿತ್ಸೆಯ ಖರ್ಚು. ನೀವು ಗಾಡಿಯಿಂದ ಬೇರೆಯವರಿಗೆ ಗುದ್ದಿದರೆ ಅವರಿಗೆ ಕೊಡಬೇಕಾದ ಪರಿಹಾರವನ್ನು ಈ ಪಾಲಿಸಿಗಳು ಹೆಚ್ಚಾಗಿ ಹೊರಗೇ ಇಟ್ಟಿರುತ್ತವೆ. ಅದನ್ನು ನೋಡಿಕೊಳ್ಳಬೇಕಾದದ್ದು ಗಾಡಿಯ ಇನ್ಶೂರೆನ್ಸ್. ಅದು ಅಂಗಡಿಯವನ ಹೆಸರಲ್ಲಿರುತ್ತದೆ, ಇದ್ದರೆ. ಇದ್ದರೂ, ಲೈಸೆನ್ಸ್ ಇಲ್ಲದವನು ಓಡಿಸುತ್ತಿದ್ದ ಅಂತ ಗೊತ್ತಾದ ಮೇಲೆ ಆ ಕಂಪನಿ ನಿಮ್ಮ ಪರವಾಗಿ ಖುಷಿಯಿಂದ ಹಣ ಕಟ್ಟುತ್ತದೆ ಅಂದುಕೊಳ್ಳುವುದು ಹುಚ್ಚು.

ಅಂದರೆ ಆ ಮಗುವಿಗೆ ಏನಾದರೂ ಆಗಿದ್ದರೆ? ನನ್ನ ಪಾಲಿಸಿ ಇಲ್ಲ, ಅಂಗಡಿಯವನ ಪಾಲಿಸಿ ಇಲ್ಲ. ಆ ಅಪ್ಪನಿಗೆ ಸಿಗುತ್ತಿದ್ದದ್ದು ರಜೆ ಮುಗಿಸಿ ವಿಮಾನ ಹತ್ತಲು ಕಾಯುತ್ತಿರುವ ಒಬ್ಬ ಪರದೇಶಿ. ಲೈಸೆನ್ಸ್ ಇಲ್ಲದೆ ಓಡಿಸುವುದನ್ನು ನಾವು ನಮ್ಮ ಧೈರ್ಯ, ನಮ್ಮ ರಿಸ್ಕ್ ಅಂತ ಮಾತಾಡುತ್ತೇವೆ. ಅರ್ಧ ರಿಸ್ಕು ರಸ್ತೆ ಬದಿಯಲ್ಲಿ ನಿಂತವರದ್ದು, ಅವರನ್ನು ಯಾರೂ ಕೇಳಿಯೇ ಇರುವುದಿಲ್ಲ.

ಈಗ ಕಾಗದದ ವಿಷಯ. ನಿಮ್ಮ ಲೇಖನ ಬರೆದವರು ಇದನ್ನು ಒಂದು ಚಿಕ್ಕ ಬಾಕ್ಸಿನಲ್ಲಿ ಹಾಕಬಹುದಿತ್ತು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅಂತ ಒಂದು ಸಣ್ಣ ಪುಸ್ತಕ ಇರುತ್ತದೆ. ಹೆಸರು ಕೇಳಿ ಅದೇ ದೊಡ್ಡ ಲೈಸೆನ್ಸ್ ಅಂದುಕೊಳ್ಳುತ್ತಾರೆ. ಅಲ್ಲ. ಅದು ನಿಮ್ಮ ಊರಿನ ಲೈಸೆನ್ಸಿನ ಅನುವಾದ, ಅಷ್ಟೇ. ಮೂಲ ಲೈಸೆನ್ಸ್ ಜೊತೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ಲೈಸೆನ್ಸ್ ಕೊಟ್ಟ ದೇಶದಲ್ಲೇ, ಹೊರಡುವ ಮುಂಚೆ ಮಾಡಿಸಬೇಕು. ಅಲ್ಲಿಗೆ ಹೋಗಿ ಇಳಿದ ಮೇಲೆ ಆನ್‌ಲೈನಿನಲ್ಲಿ ದುಡ್ಡು ಕಟ್ಟಿದರೆ ಹತ್ತು ನಿಮಿಷದಲ್ಲಿ ಕಳಿಸುತ್ತೇವೆ ಅನ್ನುವವರು ಮಾರುವುದು ಚೆಂದದ ಪ್ರಿಂಟೌಟ್.

ಆ ಪುಸ್ತಕದ ಒಳಗೆ ಒಂದು ಪುಟದಲ್ಲಿ ಎ, ಬಿ, ಸಿ ಅಂತ ವಾಹನದ ವರ್ಗಗಳ ಸಾಲುಗಳು ಇರುತ್ತವೆ. ಎ ಅಂದರೆ ಮೋಟರ್ ಸೈಕಲ್. ಬಿ ಅಂದರೆ ಕಾರು. ಯಾವುದರ ಎದುರು ಮುದ್ರೆ ಬಿದ್ದಿದೆಯೋ ಅದನ್ನು ಮಾತ್ರ ಓಡಿಸಬಹುದು. ಕಾರಿನ ಲೈಸೆನ್ಸ್ ಇಟ್ಟುಕೊಂಡು ಪರ್ಮಿಟ್ ಮಾಡಿಸಿದರೆ ಬಿ ಎದುರು ಮಾತ್ರ ಮುದ್ರೆ. ಸ್ಕೂಟರಿಗೆ ಗೇರ್ ಇಲ್ಲದಿರಬಹುದು, ಕಾಲಿಡಲು ಜಾಗ ಇರಬಹುದು, ಅಜ್ಜಿಯಂದಿರೂ ಓಡಿಸಬಹುದು, ಆದರೂ ಸಾಮಾನ್ಯವಾಗಿ ಬಾಡಿಗೆಗೆ ಸಿಗುವ 110, 125 ಸಿಸಿ ಗಾಡಿಯನ್ನು ಕಾನೂನು ಮೋಟರ್ ಸೈಕಲ್ ಸಾಲಿಗೇ ಸೇರಿಸುತ್ತದೆ. ಎಂಜಿನ್ 50 ಸಿಸಿ ಒಳಗಿದ್ದರೆ ಕೆಲವು ಕಡೆ ಸಡಿಲಿಕೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಗಂಟೆಗೆ 45 ಕಿಲೋಮೀಟರ್ ದಾಟದ ಮೊಪೆಡ್‌ಗಳಿಗೆ ಎಎಂ ಅಂತ ಬೇರೆ ವರ್ಗ, 125 ಸಿಸಿ ಮತ್ತು 11 ಕಿಲೋವ್ಯಾಟ್ ಒಳಗಿನವಕ್ಕೆ ಎ1 ಅಂತ ಇನ್ನೊಂದು. ಎಲೆಕ್ಟ್ರಿಕ್ ಗಾಡಿಗೆ ಸಿಸಿಯೇ ಇಲ್ಲ, ಹಾಗಾಗಿ ಲೈಸೆನ್ಸೂ ಬೇಡ ಅನ್ನುವ ಜಾಣರನ್ನು ನಾನೇ ನೋಡಿದ್ದೇನೆ. ಅಲ್ಲಿ ಲೆಕ್ಕಕ್ಕೆ ಬರುವುದು ಮೋಟರಿನ ಶಕ್ತಿ ಮತ್ತು ವೇಗ.

ಇನ್ನೊಂದು ಸಿಕ್ಕು ಇದೆ. ಈ ಪರ್ಮಿಟ್ ಎಲ್ಲ ಕಡೆ ಒಂದೇ ಅಲ್ಲ. ಒಂದು ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಜಿನೀವಾ ಒಪ್ಪಂದದ್ದು, ಒಂದು ವರ್ಷಕ್ಕಿಂತ ಜಾಸ್ತಿ ನಡೆಯುವುದಿಲ್ಲ. ಇನ್ನೊಂದು 1968ರ ವಿಯೆನ್ನಾ ಒಪ್ಪಂದದ್ದು, ಮೂರು ವರ್ಷದವರೆಗೂ ಇರಬಹುದು. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ. ಆದರೆ ಜಪಾನ್ 1949ರದ್ದನ್ನು ಮಾತ್ರ ಒಪ್ಪುತ್ತದೆ. ವಿಯೆಟ್ನಾಂ ಉಲ್ಟಾ, 1968ರದ್ದು ಇದ್ದರೆ ಮಾತ್ರ ನಡೆಯುತ್ತದೆ. ಅಂದರೆ ಕೈಯಲ್ಲಿ ಲೈಸೆನ್ಸ್ ಇದೆ, ಎ ಎದುರು ಮುದ್ರೆ ಇದೆ, ಪುಸ್ತಕ ಇದೆ, ಎಲ್ಲ ಇದ್ದೂ ವಿಯೆಟ್ನಾಮಿನಲ್ಲಿ ನೀವು ಲೈಸೆನ್ಸ್ ಇಲ್ಲದವರೇ ಆಗಬಹುದು. ಟಿಕೆಟ್ ಬುಕ್ ಮಾಡುವ ಮುಂಚೆ ಹತ್ತು ನಿಮಿಷ ಖರ್ಚು ಮಾಡಿ ಇದನ್ನು ನೋಡಿಕೊಂಡರೆ ಮುಗಿಯಿತು. ಹೋಟೆಲಿನ ಈಜುಕೊಳದ ಫೋಟೊ ನೋಡಲು ನಾವು ಇದಕ್ಕಿಂತ ಜಾಸ್ತಿ ಹೊತ್ತು ಕಳೆಯುತ್ತೇವೆ ಅಲ್ವಾ?

ಪೊಲೀಸರು ಹಿಡಿದರೆ ದಂಡ ಕಟ್ಟಿದರಾಯಿತು ಅನ್ನುವ ಮಾತೂ ಕೇಳಿದ್ದೇನೆ. ದಂಡದ ರಸೀದಿ ತೋರಿಸಿದರೆ ಆಮೇಲೆ ಯಾರೂ ತಡೆಯುವುದಿಲ್ಲ, ಅದೇ ಒಂಥರಾ ಪಾಸು ಅಂತ ಒಬ್ಬರು ನನಗೆ ಸಲಹೆ ಕೊಟ್ಟಿದ್ದರು. ದಂಡದ ರಸೀದಿ ಅಂದರೆ ನೀವು ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಬರಹದ ಸಾಕ್ಷಿ. ಕ್ಲೇಮ್ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಕಾಗದ ಬೇಕಾ?

ಅಂಗಡಿಯವನು ಕೇಳಲಿಲ್ಲವಲ್ಲ, ಅವನದೇ ತಪ್ಪು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅವನದೂ ತಪ್ಪಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅವನು ಮಾರುವುದು ಗಾಡಿಯ ದಿನಗಳನ್ನು. ಓಡಿಸಲು ಅನುಮತಿ ಕೊಡುವುದು ಅವನ ಕೈಯಲ್ಲೇ ಇಲ್ಲ, ಇಲ್ಲದ್ದನ್ನು ಅವನು ಕೊಟ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಅವನ ಆ ಕಾಗದವನ್ನು ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿದೆ, ಎಲ್ಲ ಮುಗಿದು ಮನೆಗೆ ಬಂದ ಮೇಲೆ. ಮೂರನೇ ಸಾಲು: ಈ ವಾಹನ ಓಡಿಸಲು ನನ್ನ ಬಳಿ ಮಾನ್ಯವಾದ ಲೈಸೆನ್ಸ್ ಇದೆ. ಕೆಳಗೆ ನನ್ನ ಸಹಿ, ದುಂಡಗೆ, ಚೆಂದವಾಗಿ.

ಲೈಸೆನ್ಸ್ ಬರೀ ಕಾಗದ, ಓಡಿಸಲು ಬಂದರೆ ಸಾಕು ಅನ್ನುವವರು ಇದ್ದಾರೆ. ಊರಲ್ಲಿ ಹತ್ತು ವರ್ಷದಿಂದ ಲೈಸೆನ್ಸ್ ಇಲ್ಲದೆ ಓಡಿಸುತ್ತಿರುವವರೂ ಇರಬಹುದು, ನನಗಿಂತ ನೂರು ಪಾಲು ಚೆನ್ನಾಗಿ ಓಡಿಸುತ್ತಿರಬಹುದು. ಅವರ ಜೊತೆ ವಾದಕ್ಕೆ ನಿಲ್ಲುವುದಿಲ್ಲ. ಆದರೆ ಹೊರದೇಶದ ರಸ್ತೆ ಬೇರೆ. ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾ, ಶ್ರೀಲಂಕಾದಲ್ಲಿ ಎಡಬದಿಯ ಸಂಚಾರ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್, ಫಿಲಿಪೀನ್ಸ್‌ನಲ್ಲಿ ಬಲಬದಿ. ಎದುರಿಗೆ ಗಾಡಿಗಳು ಇರುವಾಗ ಮರೆಯುವುದಿಲ್ಲ, ಎಲ್ಲರ ಹಿಂದೆ ಹೋಗುತ್ತೀರಿ. ಮರೆಯುವುದು ಬೆಳಿಗ್ಗೆ ಖಾಲಿ ರಸ್ತೆಗೆ ಗೇಟಿನಿಂದ ಹೊರಗೆ ಬರುವಾಗ, ಪೆಟ್ರೋಲ್ ಹಾಕಿಸಿಕೊಂಡು ಮತ್ತೆ ರಸ್ತೆಗೆ ಇಳಿಯುವಾಗ. ಗಂಟೆಗೆ 40 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ 11 ಮೀಟರ್. ಯಾವ ಬದಿ ಅಂತ ನೆನಪು ಮಾಡಿಕೊಳ್ಳುವಷ್ಟರಲ್ಲಿ ಒಂದು ಬಸ್ಸಿನಷ್ಟು ದೂರ ಹೋಗಿರುತ್ತೀರಿ. ಮೇಲಾಗಿ ಸ್ಕೂಟರಿನ ಚಕ್ರ ಚಿಕ್ಕದು, ಬೈಕ್ ಸಲೀಸಾಗಿ ದಾಟುವ ಹೊಂಡ ಅದಕ್ಕೆ ದೊಡ್ಡ ಹೊಂಡ.

ಹೆಲ್ಮೆಟ್ ಬಗ್ಗೆ ಒಂದೇ ಮಾತು. ಸರಿಯಾದ ಹೆಲ್ಮೆಟ್ಟನ್ನು ಸರಿಯಾಗಿ ಹಾಕಿದರೆ ಸಾಯುವ ಅಪಾಯ ಆರು ಪಟ್ಟಿಗಿಂತ ಹೆಚ್ಚು ಕಡಿಮೆಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ 2023ರ ವರದಿ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡೆದು ಹೋಗುವವರು, ಸೈಕಲ್ಲಿನವರು ಮತ್ತು ದ್ವಿಚಕ್ರ, ತ್ರಿಚಕ್ರ ವಾಹನದವರು. ಬಾಡಿಗೆ ಅಂಗಡಿಯಲ್ಲಿ ಗೂಟಕ್ಕೆ ನೇತು ಹಾಕಿದ, ಪಟ್ಟಿಯ ಬಕಲ್ ಮುರಿದ, ಯಾರ್ಯಾರದೋ ಬೆವರಿನ ವಾಸನೆಯ ಟೊಪ್ಪಿಗೆಯನ್ನು ಹೆಲ್ಮೆಟ್ ಅಂತ ಕರೆಯುವುದೇ ತಪ್ಪು. ನಾವು ಅದನ್ನಾದರೂ ಹಾಕಿದ್ದೆವು. ನಿಮ್ಮ ಫೋಟೊದವರು ಅದನ್ನೂ ಹಾಕಿರಲಿಲ್ಲ.

ಹಾಗಾದರೆ ಸುತ್ತುವುದೇ ಬೇಡವಾ ಅಂತ ಕೇಳಬಹುದು. ಸುತ್ತಿ. ಓಡಿಸುವವರ ಸಮೇತ ಗಾಡಿ ಸಿಗುತ್ತದೆ, ಬಸ್ಸು ಇದೆ, ಸೈಕಲ್ ಇದೆ, ಕಾರಿನ ಲೈಸೆನ್ಸ್ ಇದ್ದವರು ಸರಿಯಾದ ಪರ್ಮಿಟ್ ಜೊತೆಗೆ ಕಾರನ್ನೇ ತಗೊಳ್ಳಬಹುದು. ಸ್ಕೂಟರೇ ಬೇಕು ಅಂದರೆ ಹೊರಡುವ ಎರಡು ಮೂರು ತಿಂಗಳ ಮುಂಚೆ ದ್ವಿಚಕ್ರದ ಲೈಸೆನ್ಸ್ ಮಾಡಿಸಿ, ಊರ ರಸ್ತೆಯಲ್ಲಿ ಕೈ ಪಳಗಿಸಿ, ಆಮೇಲೆ ಹೋಗಿ. ಗಾಡಿ ತಗೊಳ್ಳುವಾಗ ನಾಲ್ಕೂ ಕಡೆಯಿಂದ ವಿಡಿಯೊ ಮಾಡಿಕೊಳ್ಳಿ, ಎರಡೂ ಬ್ರೇಕ್ ಹಿಡಿದು ನೋಡಿ, ಗಾಡಿಯ ಇನ್ಶೂರೆನ್ಸ್ ಕಾಗದ ಕೇಳಿ. ಕಾಗದ ಕೇಳಿದ ತಕ್ಷಣ ಮುಖ ಸಿಂಡರಿಸುವ ಅಂಗಡಿಯಿಂದ ಪಕ್ಕದ ಅಂಗಡಿಗೆ ಹೋಗಿ.

ಸಂಪಾದಕರೇ, ನಾನು ನಿಮ್ಮನ್ನು ಕೇಳುವುದು ಇಷ್ಟೇ. ಪ್ರವಾಸದ ಲೇಖನದಲ್ಲಿ ಸ್ಕೂಟರ್ ಬಾಡಿಗೆ ಅಂತ ಬಂದಾಗಲೆಲ್ಲ ಪಕ್ಕದಲ್ಲಿ ಲೈಸೆನ್ಸಿನ ವಿಷಯ ಒಂದೆರಡು ಸಾಲು ಹಾಕಿ. 'ಯಾರೂ ಕೇಳುವುದಿಲ್ಲ' ಅನ್ನುವುದನ್ನು ಅನುಕೂಲ ಅನ್ನುವ ಹಾಗೆ ಬರೆಯಬೇಡಿ. ನಾನೂ ಅಂಥದ್ದೇ ಒಂದು ಸಾಲನ್ನು ಎಲ್ಲೋ ಓದಿಯೇ ಹೋಗಿದ್ದು. ಬರೆದವರ ಮೇಲೆ ಸಿಟ್ಟಿಲ್ಲ, ಅವರು ಬೀಳಲಿಲ್ಲ ಅಷ್ಟೇ.

ಹೋದ ವರ್ಷ ನಾನು ದ್ವಿಚಕ್ರದ ಪರೀಕ್ಷೆಗೆ ಹೋದೆ. ಎಂಟರ ಆಕಾರದಲ್ಲಿ ಗಾಡಿ ಓಡಿಸಲು ಹೇಳಿದರು. ಎರಡನೇ ಸುತ್ತಿನಲ್ಲಿ ಕಾಲು ನೆಲಕ್ಕೆ ಊರಿದೆ, ಫೇಲು. ಪಕ್ಕದಲ್ಲಿದ್ದ ಹದಿನೆಂಟರ ಹುಡುಗರು ನಕ್ಕರು. ಎರಡನೇ ಸಲ ಪಾಸಾದೆ. ಈ ಸಲ ರಜೆಗೆ ಹೊರಡುವ ಮಾತು ಬಂದಾಗ ಹೆಂಡತಿ ಬೇಡ ಅನ್ನಲಿಲ್ಲ. ಪರ್ಮಿಟ್ ಪುಸ್ತಕ ಮನೆಗೆ ಬಂದ ದಿನ ಅದನ್ನು ನನ್ನ ಕೈಯಿಂದ ತಗೊಂಡಳು, ಕನ್ನಡಕ ಹಾಕಿಕೊಂಡು ಒಳಗಿನ ಪುಟ ತೆಗೆದಳು, ಎ ಎದುರು ಮುದ್ರೆ ಇದೆಯಾ ಅಂತ ಬೆರಳಿಟ್ಟು ನೋಡಿದಳು. ಇದೆ. ಆಮೇಲೆ ಪಾಲಿಸಿಯ ಹನ್ನೊಂದನೇ ಪುಟ ಎಲ್ಲಿ ಅಂತ ಕೇಳಿದಳು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ